ನಿಲ್ಲಲು ನೆಲವಿಲ್ಲದ ಜೀವಕೋಶಗಳು: ಬೋಖುಮ್‌ನ ಹುಡುಗನ ಪ್ರಕರಣ

2015ರ ಜೂನ್‌ನಲ್ಲಿ ಜರ್ಮನಿಯ ಬೋಖುಮ್ ನಗರದ ಮಕ್ಕಳ ಆಸ್ಪತ್ರೆಗೆ ಏಳು ವರ್ಷದ ಒಬ್ಬ ಹುಡುಗನನ್ನು ಸೇರಿಸಿದರು. ಸಿರಿಯಾದಿಂದ ಬಂದು ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ ಕುಟುಂಬ ಅದು. ಹುಡುಗನ ಮೈಯ ಹೊರಚರ್ಮ ನೂರಕ್ಕೆ ಅರವತ್ತು ಭಾಗದಷ್ಟು ಕಿತ್ತುಹೋಗಿತ್ತು. ಬೆಂಕಿ ತಗುಲಿರಲಿಲ್ಲ, ಅಪಘಾತವೂ ಆಗಿರಲಿಲ್ಲ. ಹುಟ್ಟಿದ ಮೊದಲ ದಿನಗಳಿಂದಲೇ ಅವನ ಚರ್ಮದಲ್ಲಿ ನೀರ್ಗುಳ್ಳೆಗಳು ಏಳುತ್ತಿದ್ದವು. ಕೈ ಉಜ್ಜಿದರೆ ಗುಳ್ಳೆ, ಬಟ್ಟೆ ತಾಗಿದರೆ ಗುಳ್ಳೆ. ಅಷ್ಟು ವರ್ಷ ಹೇಗೋ ನಡೆದಿತ್ತು, ಆದರೆ ಆಸ್ಪತ್ರೆಗೆ ಬರುವ ಕೆಲವು ವಾರ ಮುಂಚೆ ಪರಿಸ್ಥಿತಿ ಕೈಮೀರಿತು. ತೆರೆದ ಗಾಯಗಳಿಗೆ ಸ್ಟಫೈಲೋಕಾಕಸ್ ಮತ್ತು ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಗಳು ಸೇರಿಕೊಂಡಿದ್ದವು. ತೂಕ ಬರೀ 17 ಕಿಲೋ.

ಕಾಯಿಲೆಯ ಹೆಸರು ಜಂಕ್ಷನಲ್ ಎಪಿಡರ್ಮೋಲಿಸಿಸ್ ಬುಲೋಸಾ. ಈ ಗುಂಪಿನ ಕಾಯಿಲೆ ಇರುವ ಮಕ್ಕಳನ್ನು ಚಿಟ್ಟೆ ಮಕ್ಕಳು ಅಂತ ಕರೆಯುವ ರೂಢಿ ಪ್ರಪಂಚದ ಹಲವು ಕಡೆ ಇದೆ, ಮುಟ್ಟಿದರೆ ಹರಿಯುವ ಚರ್ಮ ಅಂತ. ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟರು, ಮೂಗಿನ ಕೊಳವೆಯಲ್ಲಿ ಆಹಾರ ಕೊಟ್ಟರು, ಗಾಯಗಳಿಗೆ ಬಗೆಬಗೆಯ ಹೊದಿಕೆ ಹಾಕಿದರು. ತಂದೆಯ ಚರ್ಮ ತೆಗೆದು ಕಸಿ ಮಾಡಿ ನೋಡಿದರು, ಅದು ನಿಲ್ಲಲಿಲ್ಲ. ದಿನ ಕಳೆದಂತೆ ಚರ್ಮ ಇನ್ನಷ್ಟು ಹೋಯಿತು, ಲೆಕ್ಕ ಸುಮಾರು ನೂರಕ್ಕೆ ಎಂಬತ್ತಕ್ಕೆ ಮುಟ್ಟಿತು. ನೋವು ಕಡಿಮೆ ಮಾಡಿ ಕೊನೆಯ ದಿನಗಳನ್ನು ಸಹನೀಯ ಮಾಡೋಣ ಅನ್ನುವ ಮಾತು ಬಂದಿತ್ತು. ಆಗ ಜರ್ಮನಿಯ ವೈದ್ಯರು ಇಟಲಿಯ ಮೊದೆನಾದಲ್ಲಿದ್ದ ಮಿಕೆಲೆ ಡಿ ಲುಕಾ ಅವರ ತಂಡವನ್ನು ಸಂಪರ್ಕಿಸಿದರು.

ಮುಂದೆ ಏನಾಯಿತು ಅಂತ ಸುದ್ದಿಯಲ್ಲಿ ಓದಿದವರಿಗೆ ಗೊತ್ತಿರುತ್ತದೆ, 2017ರ ನವೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿ ಬಂದಾಗ ಪ್ರಪಂಚದ ಎಲ್ಲ ಕಡೆ ಇದು ದೊಡ್ಡ ಸುದ್ದಿಯಾಯಿತು. ಸಾಮಾನ್ಯವಾಗಿ ಇದನ್ನು ಜೀನ್ ಚಿಕಿತ್ಸೆಯ ಗೆಲುವು ಅಂತ ಹೇಳುತ್ತಾರೆ. ಅದು ಸರಿಯೇ. ಆದರೆ ನನಗೆ ಈ ಪ್ರಕರಣ ಅದಕ್ಕಿಂತ ಜಾಸ್ತಿ ಹಿಡಿಸುವುದು ಇನ್ನೊಂದು ಕಾರಣಕ್ಕೆ. ಒಂದು ಜೀವಕೋಶ ತಾನು ನಿಂತ ಜಾಗವನ್ನು ಹೇಗೆ ಅರಿಯುತ್ತದೆ, ಆ ಜಾಗ ಅದಕ್ಕೆ ಏನು ಹೇಳುತ್ತದೆ, ಆ ಮಾತು ನಿಂತುಹೋದರೆ ಒಳಗೆ ಏನಾಗುತ್ತದೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಒಬ್ಬ ಮನುಷ್ಯನ ಮೈಮೇಲೆ ಕಂಡದ್ದು ಬಹಳ ಅಪರೂಪ. ಅದಕ್ಕೇ ಈ ಬರಹ.

ತಳದಲ್ಲಿ ಏನಿದೆ

ನಮ್ಮ ಹೊರಚರ್ಮ ತುಂಬಾ ತೆಳು. ಮೈಯ ಹೆಚ್ಚಿನ ಭಾಗದಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದರಲ್ಲಿ ರಕ್ತನಾಳಗಳಿಲ್ಲ. ಕೆರಟಿನೋಸೈಟ್ ಅನ್ನುವ ಕೋಶಗಳು ಪದರ ಪದರವಾಗಿ ಇರುತ್ತವೆ. ತೀರಾ ಕೆಳಗಿನ ಸಾಲಿನ ಕೋಶಗಳು ಮಾತ್ರ ಒಡೆದು ಹೆಚ್ಚುತ್ತವೆ. ಅಲ್ಲಿ ಹುಟ್ಟಿದ ಕೋಶ ಮೇಲಕ್ಕೆ ಸರಿಯುತ್ತಾ ಗಟ್ಟಿಯಾಗಿ, ಸತ್ತು, ಕೊನೆಗೆ ಹೊಟ್ಟಿನಂತೆ ಉದುರುತ್ತದೆ. ಸುಮಾರು ತಿಂಗಳಿಗೊಮ್ಮೆ ಇಡೀ ಹೊರಚರ್ಮ ಹೊಸದಾಗುತ್ತದೆ. ಅಂದರೆ ಕೆಳಗಿನ ಒಂದು ಸಾಲು ಸರಿಯಿದ್ದರೆ ಎಲ್ಲವೂ ಸರಿ.

ಆ ಸಾಲು ನಿಂತಿರುವುದು ತಳಪೊರೆ ಅನ್ನುವ ಪ್ರೋಟೀನಿನ ಹಾಳೆಯ ಮೇಲೆ. ಅದರ ಕೆಳಗೆ ಒಳಚರ್ಮ, ರಕ್ತನಾಳ, ನರ ಎಲ್ಲ. ಹೊರಚರ್ಮ ಒಳಚರ್ಮಕ್ಕೆ ಹಿಡಿದುಕೊಳ್ಳುವ ಬಗೆ ಹೀಗಿದೆ: ಕೋಶದ ಒಳಗೆ ಕೆರಟಿನ್ ಎಳೆಗಳು ಇರುತ್ತವೆ, ಅವು ಕೋಶದ ತಳದಲ್ಲಿ ಹೆಮಿಡೆಸ್ಮೋಸೋಮ್ ಅನ್ನುವ ಗಂಟುಗಳಿಗೆ ಸೇರುತ್ತವೆ, ಆ ಗಂಟಿನಲ್ಲಿ ಇಂಟಿಗ್ರಿನ್ ಅನ್ನುವ ಗ್ರಾಹಕ ಕೋಶದ ಹೊರಪೊರೆ ದಾಟಿ ಹೊರಕ್ಕೆ ಚಾಚಿಕೊಂಡಿರುತ್ತದೆ. ಹೊರಗೆ ಅದು ಹಿಡಿಯುವುದು ಲ್ಯಾಮಿನಿನ್-332 ಅನ್ನುವ ಪ್ರೋಟೀನನ್ನು. ಲ್ಯಾಮಿನಿನ್ ಆಮೇಲೆ ಏಳನೇ ಬಗೆಯ ಕೊಲಾಜೆನ್ ಎಳೆಗಳನ್ನು ಹಿಡಿಯುತ್ತದೆ, ಆ ಎಳೆಗಳು ಒಳಚರ್ಮದೊಳಗೆ ಇಳಿದಿರುತ್ತವೆ. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಗುಳ್ಳೆ ಏಳುತ್ತದೆ. ಎಲ್ಲಿ ಕಳಚಿತು ಅನ್ನುವುದರ ಮೇಲೆ ಕಾಯಿಲೆಯ ಬಗೆ ಬೇರೆಯಾಗುತ್ತದೆ. ಕೋಶದ ಒಳಗಿನ ಕೆರಟಿನ್ ಕೆಟ್ಟರೆ ಒಂದು, ಕೊಲಾಜೆನ್ ಕೆಟ್ಟರೆ ಇನ್ನೊಂದು, ಮಧ್ಯದ ತಳಪೊರೆಯಲ್ಲೇ ಬಿಟ್ಟುಕೊಂಡರೆ ಈ ಹುಡುಗನ ಜಂಕ್ಷನಲ್ ಬಗೆ.

ಲ್ಯಾಮಿನಿನ್-332 ಮೂರು ಎಳೆಗಳು ಹೆಣೆದುಕೊಂಡು ಆಗುವ ಪ್ರೋಟೀನ್. ಹುಡುಗನಲ್ಲಿ ಕೆಟ್ಟಿದ್ದು ಒಂದು ಎಳೆಯನ್ನು ಬರೆಯುವ ಲ್ಯಾಮ್‌ಬಿ3 ಅನ್ನುವ ಜೀನ್. ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ, ಎರಡರಲ್ಲೂ ಅದೇ ತಪ್ಪು. ಒಂದು ಪ್ರತಿ ಸರಿಯಿದ್ದರೂ ಸಾಕಿತ್ತು, ಚರ್ಮ ಚೆನ್ನಾಗಿಯೇ ಇರುತ್ತಿತ್ತು. ತಂದೆ ತಾಯಿ ಆರೋಗ್ಯವಾಗಿರುವುದು ಅದರಿಂದಲೇ.

ಇಂಥ ಕಾಯಿಲೆಗಳು ನಮಗೂ ದೂರದ ವಿಷಯ ಅಲ್ಲ. ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ಕರ್ನಾಟಕದಲ್ಲಿ ಇನ್ನೂ ಇದೆ. ಒಂದೇ ಮನೆತನದ ಇಬ್ಬರಲ್ಲಿ ಒಂದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಜಾಸ್ತಿ, ಹಾಗಾಗಿ ಎರಡೂ ಒಂದೇ ಮಗುವಿಗೆ ಸೇರುವ ಸಾಧ್ಯತೆಯೂ ಜಾಸ್ತಿ. ಮನೆಯಲ್ಲಿ ಒಂದು ಮಗುವಿಗೆ ಹೀಗಾಗಿದ್ದರೆ ಮುಂದಿನ ಮಗುವಿಗೆ ಮುಂಚೆ ಜೀನ್ ಪರೀಕ್ಷೆ ಮತ್ತು ಸಲಹೆ ಪಡೆಯಲೇಬೇಕು. ಇನ್ನೊಂದು ಮಾತು, ಹುಟ್ಟಿದ ಮಗುವಿನ ಮೈಮೇಲೆ ಕಾರಣವಿಲ್ಲದೆ ಗುಳ್ಳೆ ಎದ್ದರೆ ಅಂಟುವ ಪ್ಲಾಸ್ಟರ್ ಹಚ್ಚಬೇಡಿ. ಕೀಳುವಾಗ ಚರ್ಮವೂ ಬರುತ್ತದೆ. ಅಂಟದ ಹತ್ತಿಬಟ್ಟೆ ಸುತ್ತಿ ಚರ್ಮದ ವೈದ್ಯರ ಹತ್ತಿರ ಹೋಗುವುದೇ ಸರಿ.

ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಲ್ಯಾಮಿನಿನ್-332 ಅನ್ನು ಬೇರೆ ಯಾರೋ ಮಾಡಿ ಹಾಸುವುದಿಲ್ಲ. ಕೆರಟಿನೋಸೈಟ್ ಕೋಶವೇ ಅದನ್ನು ತಯಾರಿಸಿ ತನ್ನ ಕೆಳಗೆ ಸುರಿಸುತ್ತದೆ, ಆಮೇಲೆ ಅದನ್ನೇ ಹಿಡಿದು ನಿಲ್ಲುತ್ತದೆ. ತಾನು ನಿಲ್ಲುವ ನೆಲವನ್ನು ತಾನೇ ಹಾಸಿಕೊಳ್ಳುವ ಕೋಶ. ಹುಡುಗನ ಕೋಶಗಳಿಗೆ ಆ ಶಕ್ತಿ ಇರಲಿಲ್ಲ.

ಹಿಡಿತ ಮಾತ್ರವೇ?

ಇಷ್ಟು ಕೇಳಿದರೆ ಯಾರಿಗಾದರೂ ಅನ್ನಿಸುವುದು, ಅಂಟು ಇಲ್ಲ, ಅದಕ್ಕೆ ಚರ್ಮ ಕಿತ್ತುಬರುತ್ತದೆ ಅಂತ. ಇದು ಅರ್ಧ ಮಾತ್ರ. ಅಂಟಿನ ಸಮಸ್ಯೆ ಒಂದೇ ಆಗಿದ್ದರೆ ಕಿತ್ತುಹೋದ ಜಾಗದಲ್ಲಿ ಸುತ್ತಲಿನ ಕೋಶಗಳು ಮತ್ತೆ ಬೆಳೆದು ಮುಚ್ಚುತ್ತಿದ್ದವು. ಮತ್ತೆ ಕೀಳುತ್ತಿತ್ತು, ಮತ್ತೆ ಮುಚ್ಚುತ್ತಿತ್ತು. ಚಿಕ್ಕ ವಯಸ್ಸಿನಲ್ಲಿ ಹಾಗೇ ಆಗುತ್ತದೆ. ಆದರೆ ಬರಬರುತ್ತಾ ಗಾಯಗಳು ಮುಚ್ಚುವುದನ್ನೇ ನಿಲ್ಲಿಸಿಬಿಡುತ್ತವೆ. ಯಾಕೆ?

ಉತ್ತರದ ಸುಳಿವು ಬಹಳ ಹಿಂದಿನ ಪ್ರಯೋಗಗಳಲ್ಲಿದೆ. ಅಮೆರಿಕದ ಹೋವರ್ಡ್ ಗ್ರೀನ್ 1977ರಲ್ಲಿ ಕೆರಟಿನೋಸೈಟ್‌ಗಳನ್ನು ಪಾತ್ರೆಯ ತಳಕ್ಕೆ ಅಂಟಲು ಬಿಡದೆ, ಮಂದವಾದ ಲೋಳೆಯಂಥ ದ್ರವದಲ್ಲಿ ತೇಲಿಸಿಟ್ಟು ನೋಡಿದರು. ಅವು ಒಡೆಯುವುದನ್ನು ನಿಲ್ಲಿಸಿ, ಚರ್ಮದ ಮೇಲ್ಪದರದ ಕೋಶಗಳ ಹಾಗೆ ಗಟ್ಟಿಯಾಗುವ ದಾರಿ ಹಿಡಿದವು. ಹಿಂದಿರುಗಲಾಗದ ದಾರಿ ಅದು. ಆಹಾರ ಇತ್ತು, ಬೆಚ್ಚಗಿನ ಜಾಗ ಇತ್ತು, ಬೆಳೆಯುವ ಎಲ್ಲ ಅನುಕೂಲ ಇತ್ತು. ಕಾಲೂರಲು ಜಾಗ ಇರಲಿಲ್ಲ, ಅಷ್ಟೇ.

1988ರಲ್ಲಿ ಇಂಗ್ಲೆಂಡಿನ ಫಿಯೋನಾ ವಾಟ್ ಮತ್ತು ಜೊತೆಗಾರರು ಇನ್ನೊಂದು ಬಗೆಯಲ್ಲಿ ಕೇಳಿದರು. ಅಂಟಿಕೊಳ್ಳಬಲ್ಲ ಪುಟ್ಟ ಪುಟ್ಟ ದ್ವೀಪಗಳನ್ನು ಮಾಡಿ, ಒಂದೊಂದರ ಮೇಲೆ ಒಂದೊಂದು ಕೋಶ ಕೂರಿಸಿದರು. ದ್ವೀಪ ದೊಡ್ಡದಿದ್ದರೆ ಕೋಶ ಹರಡಿಕೊಂಡು ಬೆಳೆಯುವ ಕೆಲಸ ಮುಂದುವರಿಸಿತು. ದ್ವೀಪ ಸಣ್ಣದಾಗಿ ಕೋಶ ದುಂಡಗೆ ಉಳಿಯಬೇಕಾದಾಗ, ಗಟ್ಟಿಯಾಗುವ ದಾರಿ ಹಿಡಿಯುವ ಕೋಶಗಳು ಹೆಚ್ಚಾದವು. ಮರುವರ್ಷ ಜೋಸೆಫೀನ್ ಆ್ಯಡಮ್ಸ್ ಮತ್ತು ವಾಟ್ ಮಾಡಿದ ಪ್ರಯೋಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ತೇಲುತ್ತಿರುವ ಕೋಶಗಳ ದ್ರವಕ್ಕೇ ಫೈಬ್ರೊನೆಕ್ಟಿನ್ ಅನ್ನುವ, ಕೋಶಗಳು ಹಿಡಿಯುವ ಒಂದು ಪ್ರೋಟೀನನ್ನು ಬೆರೆಸಿದರು. ಅಲ್ಲಿ ಹಿಡಿಯಲು ಗಟ್ಟಿ ನೆಲವೇ ಇಲ್ಲ. ಪ್ರೋಟೀನ್ ಬಂದು ಇಂಟಿಗ್ರಿನ್‌ಗೆ ತಾಗಿತು ಅಷ್ಟೇ. ಅಷ್ಟಕ್ಕೇ ಬಹಳಷ್ಟು ಕೋಶಗಳು ಗಟ್ಟಿಯಾಗುವ ದಾರಿ ಹಿಡಿಯದೆ ಉಳಿದವು.

ಇದರ ಅರ್ಥ ಏನು ನೋಡಿ. ಹಿಡಿತದ ಬಲ ಒಂದು ಕಡೆ ಇರಲಿ, ತಾಗಿದ್ದೇ ಒಂದು ಸುದ್ದಿ. ಇಂಟಿಗ್ರಿನ್ ಬರೀ ಕೊಕ್ಕೆ ಅಲ್ಲ, ಅದು ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುವ ಗ್ರಾಹಕ. ನೀನು ತಳದಲ್ಲೇ ಇದ್ದೀಯ, ಇನ್ನೂ ಒಡೆಯಬಹುದು ಅಂತ ಅದು ಹೇಳುತ್ತದೆ. ಆ ಸುದ್ದಿ ನಿಂತರೆ ಕೆರಟಿನೋಸೈಟ್ ತಾನು ತಳ ಬಿಟ್ಟು ಮೇಲೆ ಹೊರಟಿದ್ದೇನೆ ಅನ್ನುವ ಹಾಗೆ ನಡೆದುಕೊಳ್ಳುತ್ತದೆ. ಬೇರೆ ಬಗೆಯ ಎಷ್ಟೋ ಕೋಶಗಳು ನೆಲ ತಪ್ಪಿದರೆ ನೇರವಾಗಿ ಸಾಯುತ್ತವೆ, ಅದನ್ನು 1994ರಲ್ಲಿ ಸ್ಟೀವನ್ ಫ್ರಿಶ್ ಮತ್ತು ಎಚ್. ಫ್ರಾನ್ಸಿಸ್ ತೋರಿಸಿದರು. ದೇಹಕ್ಕೆ ಇದು ಒಳ್ಳೆಯ ಕಾವಲು. ತನ್ನ ಜಾಗ ಬಿಟ್ಟ ಕೋಶ ಎಲ್ಲೆಂದರಲ್ಲಿ ಹೋಗಿ ಬೆಳೆಯಬಾರದು ಅಲ್ವಾ? ಆದರೆ ನೆಲವೇ ಕೆಟ್ಟಿದ್ದಾಗ ಅದೇ ಕಾವಲು ತಿರುಗಿ ಬೀಳುತ್ತದೆ. ಹುಡುಗನ ಚರ್ಮದಲ್ಲಿ ತಪ್ಪು ಮಾಡದ ಕೋಶಗಳೂ ತಪ್ಪು ಸುದ್ದಿ ಕೇಳಿ ಕೆಲಸ ಮುಗಿಸಿಕೊಂಡು ಹೊರಡುತ್ತಿದ್ದವು.

ಡಿ ಲುಕಾ ತಂಡಕ್ಕೆ ಇದರ ಅನುಭವ ಮುಂಚೆಯೇ ಆಗಿತ್ತು. ಅವರು ಇದೇ ಬಗೆಯ ಕಾಯಿಲೆ ಇದ್ದ ವಯಸ್ಕರೊಬ್ಬರ ಕಾಲಿಗೆ ಜೀನ್ ಸರಿಮಾಡಿದ ಚರ್ಮ ಹಾಕಿ, 2006ರಲ್ಲಿ ವರದಿ ಮಾಡಿದ್ದರು. ಆಗ ಆ ವ್ಯಕ್ತಿಯ ಮೈಯ ಬೇರೆ ಕಡೆಯ ಚರ್ಮದಲ್ಲಿ ಚೆನ್ನಾಗಿ ಬೆಳೆಯುವ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಸಾಕಷ್ಟು ಸಿಗಲಿಲ್ಲ. ಅಷ್ಟಾಗಿ ಕೆಡದೆ ಉಳಿದಿದ್ದ ಅಂಗೈಯಿಂದ ತೆಗೆಯಬೇಕಾಯಿತು. ಚರ್ಮವನ್ನು ಹೊಸದು ಮಾಡುವ ಬಂಡವಾಳವೇ ಖಾಲಿಯಾಗುತ್ತಿತ್ತು. ಗಾಯಗಳು ಯಾಕೆ ಮುಚ್ಚುವುದಿಲ್ಲ ಅನ್ನುವುದಕ್ಕೆ ಇದೇ ಕಾರಣ.

ನಾಲ್ಕು ಚದರ ಸೆಂಟಿಮೀಟರ್

ಹುಡುಗನ ತಂದೆ ತಾಯಿ ಒಪ್ಪಿದರು, ಸರ್ಕಾರದ ಅನುಮತಿಯೂ ಸಿಕ್ಕಿತು. ಬೇರೆ ದಾರಿ ಇಲ್ಲದ ರೋಗಿಗೆ ಕೊಡುವ ವಿಶೇಷ ಅನುಮತಿ ಅದು. ಎಡ ತೊಡೆಸಂದಿಯಲ್ಲಿ ಗುಳ್ಳೆ ಇಲ್ಲದ ಒಂದು ಜಾಗ ಉಳಿದಿತ್ತು. ಅಲ್ಲಿಂದ 4 ಚದರ ಸೆಂಟಿಮೀಟರ್ ಚರ್ಮ ತೆಗೆದು ಮೊದೆನಾಗೆ ಕಳಿಸಿದರು. ಒಂದು ಸಣ್ಣ ಅಂಚೆಚೀಟಿಯಷ್ಟು ಚರ್ಮದಿಂದ ಇಡೀ ಮೈಗೆ ಆಗುವಷ್ಟು ಬೆಳೆಸಬೇಕು.

ಅಷ್ಟು ಬೆಳೆಸುವುದು ಸಾಧ್ಯ ಆಗಿದ್ದು ಮತ್ತೆ ಹೋವರ್ಡ್ ಗ್ರೀನ್ ಅವರಿಂದಲೇ. 1975ರಲ್ಲಿ ಅವರು ಮತ್ತು ಜೇಮ್ಸ್ ರೈನ್‌ವಾಲ್ಡ್ ಕಂಡುಕೊಂಡಿದ್ದು ಏನೆಂದರೆ, ಮನುಷ್ಯನ ಕೆರಟಿನೋಸೈಟ್ ಒಂಟಿಯಾಗಿ ಚೆನ್ನಾಗಿ ಬೆಳೆಯುವುದಿಲ್ಲ, ಜೊತೆಗೆ ಇಲಿಯಿಂದ ಬಂದ ಒಂದು ಬಗೆಯ ನಾರುಕೋಶಗಳನ್ನು ಹಾಸಿದರೆ ಬೆಳೆಯುತ್ತದೆ. ಆ ಇಲಿಕೋಶಗಳಿಗೆ ವಿಕಿರಣ ಕೊಟ್ಟಿರುತ್ತಾರೆ, ಅವು ಜೀವಂತ ಇರುತ್ತವೆ ಆದರೆ ಹೆಚ್ಚುವುದಿಲ್ಲ. ಅವು ಹೊರಬಿಡುವ ಪದಾರ್ಥಗಳು, ಅವು ಹಾಸುವ ಎಳೆಗಳು, ಇವೆಲ್ಲ ಕೆರಟಿನೋಸೈಟ್‌ಗೆ ಆಸರೆ. ಎರಡು ವರ್ಷದ ಮೇಲೆ ಅದೇ ಪಾತ್ರೆಗೆ ಇಜಿಎಫ್ ಅನ್ನುವ ಬೆಳವಣಿಗೆಯ ಸಂಕೇತ ಸೇರಿಸಿದಾಗ ಕೋಶಗಳು ಇನ್ನೂ ಹೆಚ್ಚು ಕಾಲ ಬೆಳೆದವು. ಇಜಿಎಫ್ ಕಂಡುಹಿಡಿದ ಸ್ಟಾನ್ಲಿ ಕೋಹೆನ್‌ಗೆ 1986ರಲ್ಲಿ ನೊಬೆಲ್ ಬಂತು. 1983ರಲ್ಲಿ ಅಮೆರಿಕದಲ್ಲಿ ಮೈಯೆಲ್ಲ ಸುಟ್ಟ ಇಬ್ಬರು ಮಕ್ಕಳನ್ನು ಗ್ರೀನ್ ವಿಧಾನದಿಂದ ಬೆಳೆಸಿದ ಚರ್ಮವೇ ಉಳಿಸಿತು.

ಬೋಖುಮ್ ಹುಡುಗನಿಗೆ ಅದರ ಜೊತೆ ಇನ್ನೊಂದು ಕೆಲಸ ಬೇಕಿತ್ತು. ಬೆಳೆಯುತ್ತಿರುವ ಕೋಶಗಳಿಗೆ ರೆಟ್ರೋವೈರಸ್ ಮೂಲಕ ಸರಿಯಾದ ಲ್ಯಾಮ್‌ಬಿ3 ಜೀನ್ ಸೇರಿಸಿದರು. ವೈರಸ್ಸಿನಿಂದ ರೋಗ ತರುವ ಭಾಗ ತೆಗೆದು, ಜೀನ್ ಹೊತ್ತೊಯ್ಯುವ ಗಾಡಿಯ ಹಾಗೆ ಮಾಡಿರುತ್ತಾರೆ. ಜೀನ್ ಸೇರಿದ ಕೋಶಗಳು ಹುಡುಗನ ಜೀವನದಲ್ಲೇ ಮೊದಲ ಬಾರಿ ಸರಿಯಾದ ಲ್ಯಾಮಿನಿನ್-332 ತಯಾರಿಸಿದವು. ಆ ಕೋಶಗಳು ಬೆಳೆದು ಒಂದಕ್ಕೊಂದು ಸೇರಿ ಹಾಳೆಗಳಾದವು.

ಈ ಹಾಳೆಯನ್ನು ಮೊದೆನಾದಿಂದ ಬೋಖುಮ್‌ಗೆ ಹೇಗೆ ತರುವುದು ಅನ್ನುವುದೂ ಸಣ್ಣ ವಿಷಯ ಅಲ್ಲ. ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದರೆ ಕಿಣ್ವ ಹಾಕಿ ಬಿಡಿಸಬೇಕು, ಬಿಡಿಸಿದ ಕೂಡಲೇ ಹಾಳೆ ಮುದುರಿಕೊಳ್ಳುತ್ತದೆ. ಅದಕ್ಕೆ ತಂಡ ಫೈಬ್ರಿನ್ ಮೇಲೆಯೂ ಬೆಳೆಸಿತು. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಅದು. ಕೋಶಗಳು ಅದನ್ನು ಹಿಡಿದೇ ಇರುತ್ತವೆ, ಬಿಡಿಸುವ ಪ್ರಶ್ನೆಯೇ ಇಲ್ಲ, ಹಾಳೆಯನ್ನು ಹಾಗೇ ಎತ್ತಿ ಗಾಯದ ಮೇಲೆ ಇಡಬಹುದು, ಕೆಲವು ದಿನದಲ್ಲಿ ದೇಹವೇ ಫೈಬ್ರಿನ್ ಕರಗಿಸಿಬಿಡುತ್ತದೆ, ಅಷ್ಟರೊಳಗೆ ಕೋಶಗಳು ತಮ್ಮ ನೆಲ ಹಾಸಿಕೊಂಡಿರುತ್ತವೆ. ಪ್ಲಾಸ್ಟಿಕ್ ಮೇಲೆ ಬೆಳೆದ ಹಾಳೆಗಳೂ ಕೊನೆಗೆ ಅಷ್ಟೇ ಚೆನ್ನಾಗಿ ಹಿಡಿದವು, ಆದರೆ ಕೈಯಲ್ಲಿ ಹಿಡಿದು ಕೆಲಸ ಮಾಡುವವರಿಗೆ ಫೈಬ್ರಿನ್ ಸುಲಭ.

2015ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಎರಡು ದೊಡ್ಡ ಶಸ್ತ್ರಚಿಕಿತ್ಸೆಗಳಾದವು. ಕೈಕಾಲು, ಪಕ್ಕೆ, ಇಡೀ ಬೆನ್ನು. ಉಳಿದ ಜಾಗಗಳಿಗೆ 2016ರ ಜನವರಿಯಲ್ಲಿ. ಒಟ್ಟು 0.85 ಚದರ ಮೀಟರ್ ಚರ್ಮ. ಸುಮ್ನೆ ಹಾಳೆ ಹೊದಿಸಿದರೆ ಆಗುವುದಿಲ್ಲ. ಭತ್ತದ ಸಸಿ ಎಷ್ಟು ಚೆನ್ನಾಗಿದ್ದರೂ ಗದ್ದೆ ಹದ ಆಗದೆ ನಾಟಿ ಮಾಡಿದರೆ ಬೇರು ಹಿಡಿಯುವುದಿಲ್ಲವಲ್ಲ, ಹಾಗೆ ಇಲ್ಲೂ ಗಾಯದ ತಳ ಮೊದಲು ಸಿದ್ಧವಾಗಬೇಕು. ಕೀವು, ಸತ್ತ ಅಂಗಾಂಶ ಎಲ್ಲ ತೆಗೆದು, ರಕ್ತ ಚೆನ್ನಾಗಿ ಬರುವ ಒಳಚರ್ಮ ಸಿಗುವವರೆಗೆ ಶಸ್ತ್ರವೈದ್ಯರು ಕೆಲಸ ಮಾಡಿದರು. ಟೋಬಿಯಾಸ್ ಹಿರ್ಶ್ ಮತ್ತು ಮ್ಯಾಕ್ಸಿಮಿಲಿಯನ್ ಕ್ಯೂಕೆಲ್‌ಹೌಸ್ ಮುಂತಾದವರ ಈ ಪಾಲನ್ನು ಸುದ್ದಿಗಳಲ್ಲಿ ಯಾರೂ ಅಷ್ಟಾಗಿ ಹೇಳುವುದಿಲ್ಲ. ಸೋಂಕು ತುಂಬಿದ ಮೈಯಲ್ಲಿ, 17 ಕಿಲೋದ ಮಗುವಿನಲ್ಲಿ ಅದನ್ನು ಮಾಡಿ ಮುಗಿಸಿದ್ದು ದೊಡ್ಡ ಕೆಲಸ.

2016ರ ಫೆಬ್ರವರಿಯಲ್ಲಿ ಹುಡುಗ ಆಸ್ಪತ್ರೆಯಿಂದ ಮನೆಗೆ ಹೋದ.

ಕಸಿ ಹಿಡಿದ ಮೇಲೆ

ತಂದೆಯ ಚರ್ಮ ಯಾಕೆ ನಿಲ್ಲಲಿಲ್ಲ, ಇದು ಯಾಕೆ ನಿಂತಿತು? ತಂದೆಯ ಕೋಶಗಳಿಗೂ ಲ್ಯಾಮಿನಿನ್ ಮಾಡಲು ಬರುತ್ತಿತ್ತು. ಆದರೆ ಅವು ಬೇರೆಯವರ ಕೋಶಗಳು. ದೇಹದ ರೋಗನಿರೋಧಕ ವ್ಯವಸ್ಥೆ ಅಂಥ ಹೊರಚರ್ಮವನ್ನು ಹೆಚ್ಚು ದಿನ ಸಹಿಸುವುದಿಲ್ಲ. ಇಲ್ಲಿ ಕೋಶ ಹುಡುಗನದ್ದೇ, ಒಂದು ಜೀನ್ ಮಾತ್ರ ಹೊಸದು.

ಮುಂದಿನ 21 ತಿಂಗಳಲ್ಲಿ ವೈದ್ಯರು ಆಗಾಗ ಸಣ್ಣ ಚೂರು ತೆಗೆದು ನೋಡಿದರು. ತಳದಲ್ಲಿ ಲ್ಯಾಮಿನಿನ್-332 ಒಂದೇ ಸಮನಾಗಿ ಹರಡಿತ್ತು, ಅದರ ಮೇಲೆ ಇಂಟಿಗ್ರಿನ್ ಸಾಲಾಗಿ ಕೂತಿತ್ತು, ಹೆಮಿಡೆಸ್ಮೋಸೋಮ್ ಗಂಟುಗಳು ಸರಿಯಾಗಿ ಆಗಿದ್ದವು. ಒತ್ತಿ ಉಜ್ಜಿ ನೋಡಿದರೂ ಕಸಿ ಮಾಡಿದ ಜಾಗದಲ್ಲಿ ಗುಳ್ಳೆ ಏಳಲಿಲ್ಲ. ಪೆಟ್ಟಾದರೆ ಬೇರೆ ಮಕ್ಕಳಿಗೆ ವಾಸಿಯಾಗುವಂತೆಯೇ ವಾಸಿಯಾಯಿತು. ತಿಂಗಳಿಗೊಮ್ಮೆ ಹೊರಚರ್ಮ ಹೊಸದಾಗುತ್ತದೆ ಅಂದೆನಲ್ಲ, ಆ ಲೆಕ್ಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಪೂರ್ತಿ ಬದಲಾದ ಮೇಲೂ ಅದು ಹಾಗೇ ಇತ್ತು.

ಇಲ್ಲಿ ವಿಜ್ಞಾನಿಗಳಿಗೆ ಇನ್ನೊಂದು ಬೆಲೆಬಾಳುವ ವಿಷಯ ಸಿಕ್ಕಿತು. ರೆಟ್ರೋವೈರಸ್ ಪ್ರತಿ ಕೋಶದ ಡಿಎನ್‌ಎಯಲ್ಲಿ ಬೇರೆ ಬೇರೆ ಜಾಗದಲ್ಲಿ ಸೇರಿಕೊಳ್ಳುತ್ತದೆ. ಆ ಗುರುತು ಆ ಕೋಶದ ಮಕ್ಕಳು ಮೊಮ್ಮಕ್ಕಳಿಗೂ ಹಾಗೇ ಹೋಗುತ್ತದೆ. ಅಂದರೆ ಯಾವ ಕೋಶದ ಸಂತಾನ ಯಾವುದು ಅಂತ ಗುರುತು ಹಿಡಿಯಬಹುದು. ಕಸಿ ಮಾಡುವ ಮುಂಚಿನ ಹಾಳೆಗಳಲ್ಲಿ ಇಂಥ ಗುರುತುಗಳು 27 ಸಾವಿರಕ್ಕೂ ಹೆಚ್ಚು ಇದ್ದವು. ತಿಂಗಳುಗಳು ಕಳೆದ ಮೇಲೆ ಮೈಮೇಲಿನ ಚರ್ಮದಲ್ಲಿ ನೋಡಿದರೆ ಅದರ ಸಣ್ಣ ಪಾಲು ಮಾತ್ರ ಉಳಿದಿತ್ತು. ಉಳಿದವು ಎಲ್ಲಿ ಹೋದವು? ಅವು ಕೆಲವು ಸುತ್ತು ಒಡೆದು, ಗಾಯ ಮುಚ್ಚಿ, ಮೇಲೆ ಸರಿದು ಉದುರಿಹೋಗಿದ್ದವು.

ಹೊರಚರ್ಮವನ್ನು ಯಾರು ಕಾಪಾಡುತ್ತಾರೆ ಅನ್ನುವುದರ ಬಗ್ಗೆ ಆಗ ಎರಡು ವಾದಗಳಿದ್ದವು. ತಳದ ಎಲ್ಲ ಕೋಶಗಳೂ ಹೆಚ್ಚುಕಡಿಮೆ ಸಮಾನ ಅನ್ನುವುದು ಒಂದು. ಕೆಲವೇ ದೀರ್ಘಾಯುಷಿ ಆಕರಕೋಶಗಳು ಇವೆ, ಉಳಿದವೆಲ್ಲ ಅವುಗಳ ಅಲ್ಪಾಯುಷಿ ಸಂತಾನ ಅನ್ನುವುದು ಇನ್ನೊಂದು. ಗ್ರೀನ್ ಮತ್ತು ಯಾನ್ ಬರಾಂಡನ್ 1987ರಲ್ಲೇ ತಟ್ಟೆಯಲ್ಲಿ ಮೂರು ಬಗೆಯ ಕೋಶಗಳನ್ನು ಗುರುತಿಸಿ, ಎಲ್ಲಕ್ಕಿಂತ ಹೆಚ್ಚು ಬೆಳೆಯುವುದಕ್ಕೆ ಹೋಲೋಕ್ಲೋನ್ ಅಂತ ಹೆಸರಿಟ್ಟಿದ್ದರು. ಈ ಹುಡುಗನ ಚರ್ಮ ಎರಡನೇ ವಾದದ ಕಡೆ ನಿಂತಿತು. ಕಡಿಮೆ ಸಂಖ್ಯೆಯ ಹೋಲೋಕ್ಲೋನ್‌ಗಳೇ ಇಡೀ ಚರ್ಮವನ್ನು ಹೊತ್ತಿದ್ದವು. ಹಾಗಾದರೆ ಆ ಕೆಲವೇ ಕೋಶಗಳು ಹೋದರೆ ಎಲ್ಲವೂ ಹೋಗುತ್ತದೆ, ಅವು ಉಳಿಯುವುದಕ್ಕೆ ಏನು ಬೇಕು ಅನ್ನುವುದೇ ನಿಜವಾದ ಪ್ರಶ್ನೆ.

2019ರಲ್ಲಿ ಅದೇ ಮೊದೆನಾ ತಂಡದಿಂದ ಉತ್ತರ ಬಂತು. ಈ ಕಾಯಿಲೆಯವರ ಕೋಶಗಳಲ್ಲಿ ಯಾಪ್ ಅನ್ನುವ ಪ್ರೋಟೀನನ್ನು ಅವರು ಹುಡುಕಿದರು. ಯಾಪ್ ಕೋಶಕೇಂದ್ರದೊಳಗೆ ಹೋದರೆ ಬೆಳೆಯುವ ಜೀನ್‌ಗಳನ್ನು ಎಬ್ಬಿಸುತ್ತದೆ. ಕೋಶ ಚೆನ್ನಾಗಿ ಹರಡಿ ನಿಂತಾಗ, ನೆಲದ ಸುದ್ದಿ ಇಂಟಿಗ್ರಿನ್ ಮೂಲಕ ಬಂದಾಗ ಅದು ಒಳಗೆ ಹೋಗುತ್ತದೆ. ಆರೋಗ್ಯವಂತರ ಕೋಶಗಳಲ್ಲಿ ಹಾಗೇ ಇತ್ತು. ರೋಗಿಯ ಕೋಶಗಳಲ್ಲಿ ಯಾಪ್ ಹೊರಗೇ, ಪಕ್ಕದ ಕೋಶಕ್ಕೆ ಸೇರುವ ಅಂಚುಗಳಲ್ಲಿ ನಿಷ್ಕ್ರಿಯವಾಗಿ ಸಿಕ್ಕಿಕೊಂಡಿತ್ತು. ಲ್ಯಾಮ್‌ಬಿ3 ಜೀನ್ ಕೊಟ್ಟ ಮೇಲೆ ಅದು ಮತ್ತೆ ಒಳಗೆ ಹೋಯಿತು, ಹೋಲೋಕ್ಲೋನ್‌ಗಳು ಉಳಿದವು. ಇನ್ನೂ ಮುಖ್ಯ ಸಂಗತಿ, ಲ್ಯಾಮಿನಿನ್ ಕೊಡದೆ ಸಕ್ರಿಯ ಯಾಪ್ ಒಂದನ್ನೇ ಬಲವಂತವಾಗಿ ಕೊಟ್ಟಾಗಲೂ ತಟ್ಟೆಯಲ್ಲಿ ಆಕರಕೋಶಗಳು ಉಳಿದವು. ಅಂದರೆ ಕಾಯಿಲೆಯಲ್ಲಿ ಎರಡು ನಷ್ಟ ಇದೆ. ಒಂದು ಹಿಡಿತದ್ದು, ಅದು ಗುಳ್ಳೆಯಾಗಿ ಕಣ್ಣಿಗೆ ಕಾಣುತ್ತದೆ. ಇನ್ನೊಂದು ಸುದ್ದಿಯದ್ದು, ಅದು ಕಣ್ಣಿಗೆ ಕಾಣದೆ ವರ್ಷಗಟ್ಟಲೆ ಆಕರಕೋಶಗಳನ್ನು ಖಾಲಿ ಮಾಡುತ್ತಾ ಹೋಗುತ್ತದೆ. ಏಳು ವರ್ಷ ಹೇಗೋ ಸಾಗಿದ ಚರ್ಮ ಒಮ್ಮೆಗೇ ಕುಸಿದದ್ದು ಹೇಗೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಪ್ಪುವ ವಿವರಣೆ ಕಾಣಿಸಿಲ್ಲ. ಸೋಂಕು ಕೊನೆಯ ತಳ್ಳು ಕೊಟ್ಟಿರಬಹುದು, ಆದರೆ ಮುಚ್ಚುವ ಶಕ್ತಿ ಆಗಲೇ ಕರಗಿತ್ತು.

ಹಾಗಿದ್ದರೆ ಯಾಪ್ ಎಬ್ಬಿಸುವ ಔಷಧಿಯನ್ನೇ ಹಚ್ಚಬಹುದಲ್ಲ ಅಂತ ಕೇಳಬಹುದು. ಅದು ಅಪಾಯ. ಎಷ್ಟೋ ಕ್ಯಾನ್ಸರ್‌ಗಳಲ್ಲಿ ಯಾಪ್ ಮಿತಿಮೀರಿ ಎಚ್ಚರವಾಗಿರುತ್ತದೆ. ಈ ಕಾಯಿಲೆಯವರಿಗೆ ವಯಸ್ಸಾದಂತೆ ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆ ಇದೆ. ಮೇಲಾಗಿ ಹಿಡಿತ ಬರುವುದಿಲ್ಲ, ಗುಳ್ಳೆ ನಿಲ್ಲುವುದಿಲ್ಲ. ಲ್ಯಾಮಿನಿನ್ ವಾಪಸ್ ಕೊಟ್ಟರೆ ಹಿಡಿತವೂ ಸುದ್ದಿಯೂ ಒಟ್ಟಿಗೆ ಬರುತ್ತವೆ, ಸುದ್ದಿ ಎಷ್ಟು ಬೇಕೋ ಅಷ್ಟೇ, ಎಲ್ಲಿ ಬೇಕೋ ಅಲ್ಲೇ, ತಳದ ಸಾಲಿನಲ್ಲಿ ಮಾತ್ರ.

ರೆಟ್ರೋವೈರಸ್ ಬಗ್ಗೆ ಇರುವ ಭಯವನ್ನೂ ಹೇಳಲೇಬೇಕು. 2000ದ ಆಸುಪಾಸಿನಲ್ಲಿ ಪ್ಯಾರಿಸ್‌ನಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ಇಂಥದೇ ವೈರಸ್ಸಿನಿಂದ ಜೀನ್ ಕೊಟ್ಟಾಗ, ವೈರಸ್ ತಪ್ಪು ಜಾಗದಲ್ಲಿ ಸೇರಿ ಕೆಲವರಿಗೆ ರಕ್ತದ ಕ್ಯಾನ್ಸರ್ ಬಂದಿತ್ತು. ಚರ್ಮದಲ್ಲಿ ಹಾಗಾಗಿಲ್ಲ. ಆದರೂ ಈ ಹುಡುಗನನ್ನು ಜೀವನಪೂರ್ತಿ ಗಮನಿಸುತ್ತಲೇ ಇರಬೇಕು. ಚರ್ಮ ಕಣ್ಣಿಗೆ ಕಾಣುವ ಅಂಗವಾಗಿರುವುದರಿಂದ ಏನಾದರೂ ಬದಲಾದರೆ ಬೇಗ ತಿಳಿಯುತ್ತದೆ ಅನ್ನುವುದು ಒಂದು ಸಮಾಧಾನ.

ಐದು ವರ್ಷದ ವರದಿ 2021ರ ಕೊನೆಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಕಸಿಯಾದ ಚರ್ಮ ಗಟ್ಟಿಯಾಗಿತ್ತು, ಕ್ಯಾನ್ಸರ್ ಲಕ್ಷಣ ಇರಲಿಲ್ಲ, ಹುಡುಗ ಶಾಲೆಗೆ ಹೋಗುತ್ತಿದ್ದ, ಫುಟ್‌ಬಾಲ್ ಆಡುತ್ತಿದ್ದ. ಇದು ಒಬ್ಬ ರೋಗಿಯ ಕತೆ, ಹಾಗಾಗಿ ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲಾಗದು. ಇಷ್ಟು ಆಕರಕೋಶ ಉಳಿದಿರುವಾಗಲೇ ಅವನಿಗೆ ಚಿಕಿತ್ಸೆ ಸಿಕ್ಕಿತು ಅನ್ನುವುದು ದೊಡ್ಡ ಸಂಗತಿ. ವಯಸ್ಸಾದವರಲ್ಲಿ ಬಂಡವಾಳ ಇನ್ನೂ ಕಡಿಮೆ. ಆದ್ದರಿಂದ ಮಕ್ಕಳಿಗೆ ಬೇಗ, ಮೈ ಪೂರ್ತಿ ಹಾಳಾಗುವ ಮುಂಚೆ ಮಾಡುವುದೇ ಸರಿಯಾದ ದಾರಿ ಅಂತ ನನಗೆ ಅನ್ನಿಸುತ್ತದೆ.

ಸರಪಳಿಯ ಇನ್ನೊಂದು ಕೊಂಡಿ, ಏಳನೇ ಬಗೆಯ ಕೊಲಾಜೆನ್ ಕೆಟ್ಟಿರುವ ಕಾಯಿಲೆಗೆ ಅಮೆರಿಕದಲ್ಲಿ 2023ರಲ್ಲಿ ಗಾಯಕ್ಕೆ ಹಚ್ಚುವ ಜೀನ್ ಮುಲಾಮಿಗೆ ಒಪ್ಪಿಗೆ ಸಿಕ್ಕಿತು. 2025ರಲ್ಲಿ ರೋಗಿಯದೇ ಕೋಶಕ್ಕೆ ಜೀನ್ ಸೇರಿಸಿ ಬೆಳೆಸಿದ ಚರ್ಮದ ಹಾಳೆಗೂ ಸಿಕ್ಕಿತು. ಇವು ಯಾವುವೂ ಅಗ್ಗವಲ್ಲ. ಹಾಳೆ ಬೆಳೆಸುವುದಕ್ಕೆ ವಿಶೇಷ ಲ್ಯಾಬ್, ತರಬೇತಿ ಪಡೆದ ಜನ, ವಾರಗಟ್ಟಲೆ ಸಮಯ ಬೇಕು.

ಇನ್ನು ಕಸಿ ಮುಟ್ಟದ ಜಾಗಗಳು ಇವೆ. ಲ್ಯಾಮಿನಿನ್-332 ಬಾಯಿಯ ಒಳಗೋಡೆಯಲ್ಲೂ, ಕಣ್ಣಿನ ಮೇಲ್ಪದರದಲ್ಲೂ, ಉಸಿರಿನ ದಾರಿಯಲ್ಲೂ ಬೇಕು. ಈ ಕಾಯಿಲೆಯವರ ಹಲ್ಲಿನ ಎನಾಮೆಲ್ ಕೂಡ ಸರಿಯಾಗಿ ಬೆಳೆದಿರುವುದಿಲ್ಲ. ಕಣ್ಣಿನ ಕಾರ್ನಿಯಾಕ್ಕೆ ಕೋಶ ಬೆಳೆಸಿ ಫೈಬ್ರಿನ್ ಮೇಲೆ ಕಸಿ ಮಾಡುವ ವಿಧಾನವನ್ನು ಡಿ ಲುಕಾ ಮತ್ತು ಗ್ರಾಜಿಯೆಲ್ಲಾ ಪೆಲ್ಲೆಗ್ರೀನಿ ಅವರೇ ಸುಟ್ಟ ಕಣ್ಣುಗಳಿಗಾಗಿ ರೂಪಿಸಿದ್ದರು, ಅದಕ್ಕೆ 2015ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತ್ತು. ಗಂಟಲು, ಶ್ವಾಸನಾಳದ ಕತೆ ಬೇರೆ. ಅಲ್ಲಿ ಹಾಳೆ ಇಟ್ಟು, ಅದು ತನ್ನ ನೆಲ ಹಾಸಿಕೊಳ್ಳುವವರೆಗೆ ಅಲುಗಾಡದಂತೆ, ಒದ್ದೆಯಾಗದಂತೆ ಕಾಯುವುದೇ ಕಷ್ಟ. ಚಿಕ್ಕ ಶಿಶುಗಳನ್ನು ಈ ಕಾಯಿಲೆಯ ತೀವ್ರ ರೂಪ ಬಲಿ ತೆಗೆದುಕೊಳ್ಳುವಾಗ ಹಲವು ಸಲ ಉಸಿರಿನ ದಾರಿಯೇ ಕಟ್ಟಿಕೊಂಡಿರುತ್ತದೆ, ಹಾಗಾಗಿ ಚರ್ಮ ಮುಚ್ಚಿದ ಮೇಲೂ ಉಳಿದಿರುವ ದೊಡ್ಡ ಕೆಲಸ ಅಲ್ಲೇ ಇದೆ.